ಕಡಲಿನ ಲೆಕ್ಕ, ಬುಡಮೇರಿನ ಲೆಕ್ಕ

ಹವಾಮಾನ ವಿಜ್ಞಾನಿಗಳಿಗೂ ಅವರ ಮಾತನ್ನು ನಂಬದವರಿಗೂ ನಡುವಿನ ಜಗಳ ಅಮೆರಿಕದಲ್ಲಿ ‘ಭೂಮಿ ನಿಜಕ್ಕೂ ಬಿಸಿಯಾಗುತ್ತಿದೆಯೇ’ ಎಂಬಲ್ಲಿಂದ ಶುರುವಾಗುತ್ತದೆ. ಭಾರತದಲ್ಲಿ ಹಾಗೆ ಕೇಳುವವರು ಕಡಿಮೆ. ಯೇಲ್ ವಿಶ್ವವಿದ್ಯಾಲಯವೂ ಸಿ-ವೋಟರ್ ಸಂಸ್ಥೆಯೂ ಸೇರಿ 2022ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಜಾಗತಿಕ ತಾಪಮಾನ ಏರಿಕೆ ಎಂದರೇನೆಂದು ಚಿಕ್ಕದಾಗಿ ವಿವರಿಸಿದ ಮೇಲೆ ಶೇ 84 ಮಂದಿ ‘ಹೌದು, ಆಗುತ್ತಿದೆ’ ಎಂದರು. ಅದಕ್ಕೆ ಮುಖ್ಯ ಕಾರಣ ಮನುಷ್ಯರೇ ಎಂದವರು ಶೇ 57. ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲೇ ನಮ್ಮ ದೇಶದ ಸಂದೇಹವಾದ ವಾಸವಾಗಿದೆ. ಸೆಖೆ ಹೆಚ್ಚಿದ್ದನ್ನು, ಮಳೆ ದಿಕ್ಕೆಟ್ಟಿದ್ದನ್ನು ಯಾರೂ ಅಲ್ಲಗಳೆಯುವುದಿಲ್ಲ. ವಾದವಿರುವುದು ಯಾರ ಪಾಲು ಎಷ್ಟು ಎಂಬುದರಲ್ಲಿ.

ಆ ವಾದವನ್ನು ಹತ್ತಿರದಿಂದ ನೋಡಲು ಆಂಧ್ರಪ್ರದೇಶದ ಎರಡು ಊರುಗಳು ಸಾಕು. ವಿಶಾಖಪಟ್ಟಣದಲ್ಲಿ ಕಡಲು ದಂಡೆಯನ್ನು ಕೊರೆಯುತ್ತಿದೆ. ವಿಜಯವಾಡ 2024ರ ಸೆಪ್ಟೆಂಬರ್‌ನಲ್ಲಿ ದಿನಗಟ್ಟಲೆ ನೀರಿನಲ್ಲಿ ನಿಂತಿತ್ತು. ಎರಡು ಕಡೆಯೂ ‘ಹವಾಮಾನ ಬದಲಾವಣೆಯಿಂದ ಹೀಗಾಯಿತು’ ಎನ್ನುವವರು ಸಿಗುತ್ತಾರೆ. ‘ಅದೆಲ್ಲ ನೆಪ, ತಪ್ಪು ನಮ್ಮದೇ’ ಎನ್ನುವವರೂ ಸಿಗುತ್ತಾರೆ.

ಮೊದಲು ಕಡಲು. ವಿಶಾಖಪಟ್ಟಣ ಬಂದರಿನ ಸಮುದ್ರಮಟ್ಟದ ದಾಖಲೆ 1937ರಷ್ಟು ಹಿಂದಿನಿಂದ ಸಿಗುತ್ತದೆ. ಭಾರತದಲ್ಲಿ ಇಷ್ಟು ಹಳೆಯ ದಾಖಲೆ ಇರುವ ಬಂದರುಗಳನ್ನು ಬೆರಳಲ್ಲಿ ಎಣಿಸಬಹುದು. ಹಳೆಯ ಮಾದರಿಯ ಉಬ್ಬರ ಮಾಪಕದ ರಚನೆ ತೀರಾ ಸರಳ. ಕಡಲಿನ ಅಂಚಿನಲ್ಲಿ ಬಾವಿಯಂಥ ಒಂದು ಕೊಳವೆ, ಅದರ ಬುಡದಲ್ಲೊಂದು ಸಣ್ಣ ತೂತು. ತೂತು ಸಣ್ಣದಾದ್ದರಿಂದ ಅಲೆಯ ಕುಣಿತ ಒಳಕ್ಕೆ ಬರುವುದಿಲ್ಲ, ಉಬ್ಬರ–ಇಳಿತ ಮಾತ್ರ ಬರುತ್ತದೆ. ಒಳಗೆ ತೇಲುವ ಬುರುಡೆಗೆ ಕಟ್ಟಿದ ತಂತಿ ಮೇಲೆ ಸುತ್ತುವ ಕಾಗದದ ಮೇಲೆ ಪೆನ್ನಿನಿಂದ ಗೆರೆ ಎಳೆಸುತ್ತದೆ. ಈಗ ಅದರ ಜಾಗಕ್ಕೆ ರಾಡಾರ್ ಮಾಪಕಗಳು ಬಂದಿವೆ. ಅಳತೆ ಸರಳವಾದರೂ ಅದನ್ನು ಓದುವುದು ಸರಳವಲ್ಲ. ಈ ಕರಾವಳಿಯಲ್ಲಿ ಬೇಸಿಗೆಯ ಆರಂಭದಲ್ಲಿ ತಗ್ಗಿರುವ ಕಡಲು ಅಕ್ಟೋಬರ್–ನವೆಂಬರ್ ಹೊತ್ತಿಗೆ ಗಾಳಿ, ಸಾಗರ ಪ್ರವಾಹ, ನದಿಗಳ ಸಿಹಿನೀರಿನ ಕಾರಣಕ್ಕೆ ಹತ್ತಾರು ಸೆಂಟಿಮೀಟರ್ ಏರಿರುತ್ತದೆ. ಇಷ್ಟು ದೊಡ್ಡ ವಾರ್ಷಿಕ ಏರಿಳಿತದ ಒಳಗಿನಿಂದ ವರ್ಷಕ್ಕೊಂದು ಮಿಲಿಮೀಟರ್‌ನ ಏರಿಕೆಯನ್ನು ಹೆಕ್ಕಿ ತೆಗೆಯಬೇಕೆಂದರೆ ದಶಕಗಳ ಗೆರೆಗಳು ಬೇಕು.

ಹೆಕ್ಕಿ ತೆಗೆದಾಗ ಸಿಕ್ಕಿದ್ದೂ ಅಷ್ಟೇ: ವರ್ಷಕ್ಕೆ ಸುಮಾರು 1 ಮಿ.ಮೀ. ಬೆಂಗಳೂರಿನ ಸಿಸ್ಟೆಪ್ ಸಂಸ್ಥೆ 2024ರಲ್ಲಿ ಹದಿನೈದು ಕರಾವಳಿ ಊರುಗಳ ಬಗ್ಗೆ ಹೊರತಂದ ವರದಿಯ ಪ್ರಕಾರ 1987ರಿಂದ 2021ರವರೆಗೆ ವಿಶಾಖಪಟ್ಟಣದ ಕಡಲಮಟ್ಟ ಏರಿದ್ದು 2.38 ಸೆಂಟಿಮೀಟರ್. ಮುಂಬೈಯಲ್ಲಿ ಅದೇ ಅವಧಿಯಲ್ಲಿ 4.44. ಅಂದರೆ ವಿಶಾಖಪಟ್ಟಣದಲ್ಲಿ ಒಂದು ತಲೆಮಾರಿಗೆ ಒಂದು ಬೆರಳಿನ ಅಗಲಕ್ಕಿಂತ ಸ್ವಲ್ಪ ಹೆಚ್ಚು.

ಸಂದೇಹವಾದಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅವನ ಕೈಗೆ ಇನ್ನೊಂದು ಅಸ್ತ್ರವನ್ನೂ ಮಾಧ್ಯಮಗಳೇ ಕೊಟ್ಟವು. 2021ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಆರನೆಯ ವರದಿಯ ಮೊದಲ ಭಾಗ ಬಂದಾಗ ಅದರ ಅಂಕಿಗಳನ್ನು ಆಧರಿಸಿ ನಾಸಾ ಒಂದು ಲೆಕ್ಕಪಟ್ಟಿ ಮಾಡಿತು. ಶತಮಾನದ ಕೊನೆಗೆ ಭಾರತದ ಹನ್ನೆರಡು ಬಂದರುಗಳಲ್ಲಿ ಕಡಲು ಎಷ್ಟು ಏರಬಹುದು ಎಂಬುದು ಅದರಲ್ಲಿತ್ತು. ಮಂಗಳೂರಿಗೆ 1.87 ಅಡಿ, ವಿಶಾಖಪಟ್ಟಣಕ್ಕೆ 1.77 ಅಡಿ. ಸುದ್ದಿಯ ತಲೆಬರಹಗಳಲ್ಲಿ ಇದು ‘ಹನ್ನೆರಡು ನಗರಗಳು ಮೂರು ಅಡಿ ನೀರಿನಲ್ಲಿ ಮುಳುಗಲಿವೆ’ ಎಂದಾಯಿತು. ಕಡಲಮಟ್ಟ ಒಂದು ಮೊಳಕ್ಕಿಂತ ತುಸು ಹೆಚ್ಚು ಏರುವುದಕ್ಕೂ ಊರೇ ಮೂರಡಿ ಮುಳುಗುವುದಕ್ಕೂ ಸಂಬಂಧವಿಲ್ಲ. ಆದರೆ ತಲೆಬರಹ ಓದಿದವನು ಬೀಚಿಗೆ ಹೋಗಿ ನೋಡಿದರೆ ನೀರು ಇದ್ದಲ್ಲೇ ಇದೆ; ಆಗ ಅವನ ಅನುಮಾನ ತಲೆಬರಹ ಬರೆದವನ ಮೇಲೆ ಬೀಳುವುದಿಲ್ಲ, ವಿಜ್ಞಾನದ ಮೇಲೆ ಬೀಳುತ್ತದೆ.

ಇದಕ್ಕೆ ವಿಜ್ಞಾನದ ಉತ್ತರ ತಲೆಬರಹದಷ್ಟು ಚುರುಕಾಗಿಲ್ಲ. ಉಬ್ಬರ ಮಾಪಕ ಅಳೆಯುವುದು ಕಡಲನ್ನಷ್ಟೇ ಅಲ್ಲ, ತಾನು ನಿಂತ ನೆಲಕ್ಕೆ ಹೋಲಿಸಿದ ಕಡಲನ್ನು. ನೆಲ ಎದ್ದರೆ ಏರಿಕೆ ಕಡಿಮೆ ಕಾಣುತ್ತದೆ, ಕುಸಿದರೆ ಹೆಚ್ಚು ಕಾಣುತ್ತದೆ. ಹೂಗ್ಲಿ ನದಿಯ ಡೈಮಂಡ್ ಹಾರ್ಬರ್‌ನಲ್ಲಿ ವರ್ಷಕ್ಕೆ 5 ಮಿ.ಮೀ.ಗೂ ಹೆಚ್ಚು ಕಾಣುವುದಕ್ಕೆ ಅಲ್ಲಿನ ಮೆಕ್ಕಲು ನೆಲ ಕುಸಿಯುತ್ತಿರುವುದೂ ಒಂದು ಕಾರಣ. ಎರಡನೆಯದು ವೇಗದ ಮಾತು. ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಉತ್ತರ ಹಿಂದೂ ಮಹಾಸಾಗರದ ಮಟ್ಟ 1874ರಿಂದ 2004ರವರೆಗೆ ವರ್ಷಕ್ಕೆ 1.06ರಿಂದ 1.75 ಮಿ.ಮೀ.ನಂತೆ ಏರಿತ್ತು, 1993ರ ನಂತರದ ಎರಡೂವರೆ ದಶಕಗಳಲ್ಲಿ ಅದು 3.3 ಮಿ.ಮೀ.ಗೆ ಹೋಗಿದೆ. ನೂರು ವರ್ಷದ ಸರಾಸರಿ ಹೇಳುವವನು ಸುಳ್ಳು ಹೇಳುತ್ತಿಲ್ಲ. ಬಸ್ಸು ನಿಲ್ದಾಣದಲ್ಲಿ ನಿಂತಿದ್ದ ಹೊತ್ತನ್ನೂ ಸೇರಿಸಿ ಅದರ ವೇಗ ಹೇಳುತ್ತಿದ್ದಾನೆ, ಅಷ್ಟೇ. ಹಾಗಿದ್ದರೂ ವಿಶಾಖಪಟ್ಟಣದ ಮಾಪಕವೊಂದನ್ನೇ ಹಿಡಿದು ನೋಡಿದರೆ ಗಾಬರಿಯಾಗುವಂಥದ್ದೇನೂ ಅದರಲ್ಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಹಾಗಾದರೆ ವಿಶಾಖಪಟ್ಟಣದ ಆರ್‌.ಕೆ. ಬೀಚಿನ ಮರಳು ಎಲ್ಲಿ ಹೋಯಿತು? ಇಲ್ಲಿ ಸಂದೇಹವಾದಿಯ ಕೈ ಮೇಲಾಗಿದೆ. ಈ ದಂಡೆಯ ಉದ್ದಕ್ಕೂ ಮರಳು ಒಂದು ಕಡೆ ನಿಲ್ಲುವುದಿಲ್ಲ. ನೈಋತ್ಯ ಮಾರುತದ ಕಾಲದ ಅಲೆಗಳು ಅದನ್ನು ಈಶಾನ್ಯದ ಕಡೆಗೆ ಒಯ್ಯುತ್ತವೆ, ಈಶಾನ್ಯ ಮಾರುತದ ತಿಂಗಳುಗಳಲ್ಲಿ ಅಲ್ಪಸ್ವಲ್ಪ ಹಿಂದಕ್ಕೆ ಬರುತ್ತದೆ. ಒಟ್ಟು ಲೆಕ್ಕದಲ್ಲಿ ಮರಳಿನ ಮೆರವಣಿಗೆ ಈಶಾನ್ಯಕ್ಕೇ. ಆ ದಾರಿಗೆ ಅಡ್ಡವಾಗಿ ಡಾಲ್ಫಿನ್ಸ್ ನೋಸ್ ಗುಡ್ಡ ಮೊದಲೇ ಇತ್ತು. 1933ರಲ್ಲಿ ಬಂದರು ತೆರೆಯುವ ಹೊತ್ತಿಗೆ ಅದರ ಬಾಯಿಯನ್ನು ಕಾಯಲು ಎರಡು ಹಳೆಯ ಹಡಗುಗಳನ್ನೇ ಮುಳುಗಿಸಿ ಅಲೆತಡೆ ಮಾಡಿದ್ದರು. 1970ರ ದಶಕದಲ್ಲಿ ಹೊರಬಂದರು ಕಟ್ಟಿದಾಗ ಉದ್ದುದ್ದದ ಅಲೆತಡೆಗಳು ಕಡಲಿನೊಳಕ್ಕೆ ಚಾಚಿದವು. ದಕ್ಷಿಣದಿಂದ ಬರುವ ಮರಳು ಅಲ್ಲೇ ತಂಗಿತು. ಅದರ ಉತ್ತರಕ್ಕಿರುವ ಆರ್‌.ಕೆ. ಬೀಚು ಬರಬೇಕಾದ ಪಾಲಿಲ್ಲದೆ ಸವೆಯತೊಡಗಿತು. ಹೀಗಾಗುತ್ತದೆಂದು ಎಂಜಿನಿಯರುಗಳಿಗೆ ಗೊತ್ತಿತ್ತು. ಅಲೆತಡೆಯ ಬಳಿ ನಿಂತ ಮರಳನ್ನು ಹೂಳೆತ್ತುವ ಹಡಗಿನಿಂದ ಹೀರಿ, ನೀರಿನೊಂದಿಗೆ ಪೈಪಿನಲ್ಲಿ ಉತ್ತರದ ದಂಡೆಗೆ ಸುರಿಯುವ ಏರ್ಪಾಡು ಅದಕ್ಕೇ ಬಂತು. ಕಡಲು ತಾನೇ ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸಕ್ಕೆ ಈಗ ಡೀಸೆಲ್ ಸುಡಬೇಕು. ಮರಳು ಸುರಿಯುವುದು ತಪ್ಪಿದರೆ ಅಥವಾ ತಡವಾದರೆ ಬೀಚು ಕೂಡಲೇ ತೆಳುವಾಗುತ್ತದೆ.

2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ನೇರ ಈ ಊರಿಗೇ ಬಂದು ಹೊಡೆಯಿತು. ಗಂಟೆಗೆ 180 ಕಿ.ಮೀ. ಆಸುಪಾಸಿನ ಗಾಳಿಗೆ ಮರಗಳು ಬುಡಮೇಲಾದವು, ವಿಮಾನ ನಿಲ್ದಾಣದ ಚಾವಣಿ ಕಿತ್ತುಹೋಯಿತು. ನಂತರದ ತಿಂಗಳುಗಳಲ್ಲಿ ಕಡಲ್ಕೊರೆತ ಜೋರಾಗಿ ಬೀಚ್ ರಸ್ತೆಯ ತಡೆಗೋಡೆಯ ಭಾಗಗಳು ಕುಸಿದವು. ಕುಸಿದ ಕಾಂಕ್ರೀಟಿನ ಚಿತ್ರ ಹವಾಮಾನ ಬದಲಾವಣೆಯ ಚಿತ್ರವಾಗಿ ಓಡಾಡುವುದು ಸುಲಭ. ಆದರೆ ಆ ಗೋಡೆಯ ಮುಂದೆ ಅಲೆಯ ರಭಸವನ್ನು ನುಂಗಲು ಅಗಲವಾದ ಮರಳದಂಡೆ ಇರಬೇಕಿತ್ತು. ಅದಿಲ್ಲದಿರುವುದಕ್ಕೆ ನಾಲ್ಕು ದಶಕಗಳ ಹಿಂದಿನ ಅಲೆತಡೆ ಎಷ್ಟು ಕಾರಣವೋ, ಏರಿದ ಒಂದೆರಡು ಸೆಂಟಿಮೀಟರ್ ಕಡಲು ಅಷ್ಟು ಕಾರಣವಾಗಲಾರದು.

ಚಂಡಮಾರುತಗಳದು ಮತ್ತೊಂದು ಕಥೆ. ‘1977ರ ನವೆಂಬರ್ 19ರಂದು ಕೃಷ್ಣಾ ಮುಖಜಭೂಮಿಯ ದಿವಿಸೀಮೆಯಲ್ಲಿ ಚಂಡಮಾರುತಕ್ಕೆ ಹತ್ತು ಸಾವಿರ ಮಂದಿ ಸತ್ತರು, 1864ರಲ್ಲಿ ಮಚಲಿಪಟ್ಟಣದಲ್ಲಿ ಮೂವತ್ತು ಸಾವಿರ, ಆಗ ಯಾವ ತಾಪಮಾನ ಏರಿಕೆ ಇತ್ತು?’ ಎಂದು ಸಂದೇಹವಾದಿ ಕೇಳುತ್ತಾನೆ. ಸಾವಿನ ಲೆಕ್ಕ ಹೇಳುವುದು ಗಾಳಿಯ ಬಲವನ್ನಲ್ಲ, ಮುನ್ಸೂಚನೆಯ ಬಲವನ್ನು. ಹುದ್‌ಹುದ್ ಬರುವ ಮುಂಚೆ ಲಕ್ಷಾಂತರ ಜನರನ್ನು ಸ್ಥಳಾಂತರಿಸಿದ್ದರಿಂದ ಆಂಧ್ರದಲ್ಲಿ ಸಾವು ಹತ್ತುಗಳಲ್ಲಿ ನಿಂತಿತು. ‘ಚಂಡಮಾರುತಗಳ ಸಂಖ್ಯೆ ಹೆಚ್ಚಿಲ್ಲ, ಕಡಿಮೆಯಾಗಿದೆ’ ಎಂಬ ಇನ್ನೊಂದು ವಾದವಿದೆ. ಅದು ನಿಜ. ಸಚಿವಾಲಯದ ಅದೇ 2020ರ ವರದಿ ಉತ್ತರ ಹಿಂದೂ ಮಹಾಸಾಗರದಲ್ಲಿ ಚಂಡಮಾರುತಗಳ ಒಟ್ಟು ಸಂಖ್ಯೆ ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ತಗ್ಗಿದೆ ಎನ್ನುತ್ತದೆ. ಈ ಶತಮಾನದ ಮೊದಲೆರಡು ದಶಕಗಳಲ್ಲಿ ಮುಂಗಾರು ಮುಗಿದ ಮೇಲೆ ಬರುವ ಅತಿ ತೀವ್ರ ಚಂಡಮಾರುತಗಳು ಮಾತ್ರ ಹೆಚ್ಚಿವೆ ಎಂದೂ ಹೇಳುತ್ತದೆ. ಮೊದಲ ವಾಕ್ಯ ಒಬ್ಬರಿಗೆ ರುಚಿಸುತ್ತದೆ, ಎರಡನೆಯದು ಇನ್ನೊಬ್ಬರಿಗೆ.

ಇನ್ನು ವಿಜಯವಾಡ; ಅಲ್ಲಿ ನೀರಿಗಿಂತ ಮೊದಲು ಬಿಸಿಲಿನ ಮಾತು. ಊರಿನ ಹಳೆಯ ಹೆಸರು ಬೆಜವಾಡ. ಅಲ್ಲಿನ ಉರಿಬಿಸಿಲನ್ನು ಗೇಲಿ ಮಾಡಿ ‘ಬ್ಲೇಜ್‌ವಾಡ’ ಎಂದವರೂ ಇದ್ದಾರೆ. ಆ ಗೇಲಿ ಹಳೆಯದು ಎಂಬುದೇ ಸಂದೇಹವಾದಿಯ ವಾದ: ಬೆಜವಾಡ ಯಾವತ್ತು ತಣ್ಣಗಿತ್ತು? 2015ರ ಮೇ ತಿಂಗಳ ಬಿಸಿಗಾಳಿಗೆ ಆಂಧ್ರದಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಬಲಿಯಾದಾಗಲೂ ಈ ಮಾತು ಕೇಳಿಬಂತು. ಊರಿನ ಕಾಂಕ್ರೀಟು, ಡಾಂಬರು, ಏಸಿಗಳು ಕಾರುವ ಬಿಸಿಯೇ ಥರ್ಮಾಮೀಟರನ್ನು ಏರಿಸುತ್ತವೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ನಗರಗಳ ರಾತ್ರಿ ಸೆಖೆಗೆ ಅದು ದೊಡ್ಡ ಕಾರಣ. ಆದರೆ ನಡುಗಡಲಿನಲ್ಲಿ ಕಾಂಕ್ರೀಟಿಲ್ಲ, ಏಸಿಯಿಲ್ಲ. 1951ರಿಂದ 2015ರ ಒಳಗೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸುಮಾರು 1 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿದೆ.

ಇನ್ನೊಂದು ಸೂಕ್ಷ್ಮ ಇಲ್ಲಿದೆ. 1901ರಿಂದ 2018ರವರೆಗೆ ಭಾರತದ ಸರಾಸರಿ ತಾಪಮಾನ ಏರಿದ್ದು 0.7 ಡಿಗ್ರಿ; ಇದು ಜಗತ್ತಿನ ನೆಲಭಾಗದ ಸರಾಸರಿಗಿಂತ ಕಡಿಮೆ. ಆಕಾಶ ಮುಸುಕಿದ ಹೊಗೆ–ಧೂಳು ಬಿಸಿಲನ್ನು ತಡೆಯುವುದು, ನೀರಾವರಿ ಗದ್ದೆಗಳು ಗಾಳಿಯನ್ನು ತಂಪಾಗಿಸುವುದು ಇದಕ್ಕೆ ಕಾರಣವೆನ್ನುತ್ತಾರೆ. ಕೃಷ್ಣಾ ಮುಖಜಭೂಮಿಯ ಕಾಲುವೆ ಗದ್ದೆಗಳೂ ಈ ಕೆಲಸ ಮಾಡುತ್ತವೆ. ಆದರೆ ಗದ್ದೆ ಬಿಟ್ಟ ತೇವ ಗಾಳಿಯಲ್ಲೇ ಇರುತ್ತದೆ. ತೇವವಿದ್ದರೆ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಹೀಗಾಗಿ ಥರ್ಮಾಮೀಟರ್ ಹೆಚ್ಚೇನೂ ಏರದೆಯೇ ಜೀವಕ್ಕೆ ಅಪಾಯ ಏರಬಹುದು. ‘ಎರಡು ಡಿಗ್ರಿ ಹೆಚ್ಚಾದರೆ ಏನು ಮಹಾ’ ಎನ್ನುವ ವಾದ ಜಾರುವುದು ಈ ಬೆವರಿನ ಮೇಲೆಯೇ.

ಈಗ ಬುಡಮೇರು. ವಿಜಯವಾಡದ ವಾಯವ್ಯದ ಗುಡ್ಡಗಳಿಂದ ಇಳಿದು ಊರಿನ ಅಂಚನ್ನು ಸವರಿಕೊಂಡು ಕೊಲ್ಲೇರು ಸರೋವರಕ್ಕೆ ಹೋಗುವ ಹಳ್ಳ ಇದು. ‘ವಿಜಯವಾಡದ ಕಣ್ಣೀರು’ ಎಂಬ ಹೆಸರು ಇದಕ್ಕೆ ಮೊದಲಿನಿಂದಲೂ ಇದೆ. 2005ರಲ್ಲಿಯೂ ಊರೊಳಗೆ ನುಗ್ಗಿತ್ತು. ಇದರ ನೆರೆ ತಪ್ಪಿಸಲು ವೆಲಗಲೇರು ಬಳಿ ತೂಬು ಕಟ್ಟಿ, ನೀರನ್ನು ತಿರುವು ಕಾಲುವೆಯ ಮೂಲಕ ಪ್ರಕಾಶಂ ಬ್ಯಾರೇಜಿನ ಮೇಲ್ಭಾಗದಲ್ಲಿ ಕೃಷ್ಣಾ ನದಿಗೆ ಸೇರಿಸುವ ಯೋಜನೆ ಮಾಡಲಾಗಿದೆ. ಕಾಗದದ ಮೇಲೆ ಚೆಂದದ ಯೋಜನೆ. ಒಂದೇ ತೊಂದರೆಯೆಂದರೆ ಬುಡಮೇರು ಉಕ್ಕುವ ದಿನ ಕೃಷ್ಣೆಯೂ ಉಕ್ಕಿರುತ್ತಾಳೆ.

2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು ಅದೇ ಆಯಿತು. ವಾಯುಭಾರ ಕುಸಿತದ ಮಳೆ ತೆಲಂಗಾಣದ ಉಪನದಿಗಳಲ್ಲೂ ಬುಡಮೇರಿನ ಜಲಾನಯನದಲ್ಲೂ ಒಟ್ಟಿಗೆ ಸುರಿಯಿತು. ಪ್ರಕಾಶಂ ಬ್ಯಾರೇಜಿನ ಎಪ್ಪತ್ತು ಗೇಟುಗಳ ಮೂಲಕ 11.43 ಲಕ್ಷ ಕ್ಯೂಸೆಕ್ ನೀರು ಹರಿದು, ಉತ್ತರ ಕರ್ನಾಟಕ ಮತ್ತು ಕರ್ನೂಲನ್ನು ಮುಳುಗಿಸಿದ 2009ರ ಮಹಾಪೂರದ ದಾಖಲೆಯನ್ನು ಮುರಿಯಿತು. ಬ್ಯಾರೇಜಿನ ವಿನ್ಯಾಸವೇ 11.9 ಲಕ್ಷಕ್ಕೆ. ಮೇಲಿನಿಂದ ಕಿತ್ತುಬಂದ ದೋಣಿಗಳು ಗೇಟುಗಳ ಬಳಿ ಬಡಿದು ಅವುಗಳ ಸಮತೂಕದ ಕಾಂಕ್ರೀಟ್ ದಿಮ್ಮಿಗಳನ್ನು ಒಡೆದವು. ತುಂಬಿ ನಿಂತ ಕೃಷ್ಣೆಯೊಳಕ್ಕೆ ತಿರುವು ಕಾಲುವೆಯ ನೀರು ಇಳಿಯಲಾರದೆ ಕಾಲುವೆಯ ಏರಿ ಮೂರು ಕಡೆ ಒಡೆಯಿತು. ಅಜಿತ್ ಸಿಂಗ್ ನಗರ, ಪಾಯಕಾಪುರದಂಥ ಬಡಾವಣೆಗಳ ನೆಲಮಹಡಿಗಳು ಮುಳುಗಿದವು. ಮಾಳಿಗೆಯ ಮೇಲೆ ಸಿಕ್ಕಿಬಿದ್ದವರಿಗೆ ಡ್ರೋನ್‌ಗಳಲ್ಲಿ ಅನ್ನ, ನೀರು ಕಳಿಸಬೇಕಾಯಿತು. ಒಡಕುಗಳನ್ನು ಮುಚ್ಚಲು ಸೇನೆಯ ನೆರವು ಬೇಕಾಯಿತು. ನೀರು ಇಳಿದ ಮೇಲೆ ಸರ್ಕಾರ ‘ಆಪರೇಷನ್ ಬುಡಮೇರು’ ಹೆಸರಿನಲ್ಲಿ ಒತ್ತುವರಿ ತೆರವಿನ ಮಾತಾಡಿತು.

ಇದರಲ್ಲಿ ಹವಾಮಾನದ ಪಾಲೆಷ್ಟು? ಇಂಥ ಪ್ರಶ್ನೆಗೆ ಉತ್ತರಿಸಲೆಂದೇ ಈ ಶತಮಾನದಲ್ಲಿ ಒಂದು ಹೊಸ ಶಾಖೆ ಬೆಳೆದಿದೆ. ಕಂಪ್ಯೂಟರಿನೊಳಗೆ ಎರಡು ಜಗತ್ತುಗಳನ್ನು ಓಡಿಸುತ್ತಾರೆ: ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ 280ರಷ್ಟಿದ್ದ ಹಳೆಯ ಜಗತ್ತು, 420 ದಾಟಿದ ಇಂದಿನ ಜಗತ್ತು. ಅದೇ ತೀವ್ರತೆಯ ಮಳೆ ಎರಡರಲ್ಲೂ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆಂದು ಎಣಿಸುತ್ತಾರೆ. ಗಾಳಿ 1 ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ತೇವ ಸುಮಾರು ಶೇ 7ರಷ್ಟು ಹೆಚ್ಚುತ್ತದೆ ಎಂಬ ಹಳೆಯ ಭೌತಶಾಸ್ತ್ರ ಇದರ ಅಡಿಪಾಯ. 2024ರ ಜುಲೈ 30ರ ವಯನಾಡ್ ಭೂಕುಸಿತಕ್ಕೆ ಕಾರಣವಾದ ಒಂದು ದಿನದ ಮಳೆ ಹವಾಮಾನ ಬದಲಾವಣೆಯಿಂದ ಸುಮಾರು ಶೇ 10 ಹೆಚ್ಚಿತ್ತು ಎಂದು ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ಗುಂಪು ಲೆಕ್ಕ ಹಾಕಿತು. ಇದೇ ಬಗೆಯ ಅಧ್ಯಯನ 2015ರ ಚೆನ್ನೈ ಮಹಾಮಳೆಯಲ್ಲಿ ಹವಾಮಾನ ಬದಲಾವಣೆಯ ಸ್ಪಷ್ಟ ಗುರುತು ಸಿಗಲಿಲ್ಲ ಎಂದು ಹೇಳಿತ್ತು. ‘ಏನೇ ಆದರೂ ಇವರು ಹವಾಮಾನದ ಹೆಸರೇ ಹೇಳುತ್ತಾರೆ’ ಎಂದು ದೂರುವವರು ಈ ಎರಡನೆಯ ಫಲಿತಾಂಶವನ್ನು ಹೇಳುವುದಿಲ್ಲ. ಹೋರಾಟಗಾರರೂ ಹೇಳುವುದಿಲ್ಲ.

ಶೇ 10 ಎಂಬುದು ಕೇಳಲು ಚಿಕ್ಕದು. ಏರಿಯ ಎತ್ತರಕ್ಕೆ ಸರಿಯಾಗಿ ತುಂಬುವವರೆಗಿನ ನೀರು ಯಾರಿಗೂ ತೊಂದರೆ ಕೊಡುವುದಿಲ್ಲ, ಅದರ ಮೇಲೆ ಬರುವ ನೀರೇ ಏರಿಯನ್ನು ಒಡೆಯುವುದು. ಹವಾಮಾನದ ಪಾಲು ಕೂಡಿಕೊಳ್ಳುವುದು ಆ ಮೇಲಿನ ನೀರಿಗೆ. ಏರಿ ತಗ್ಗಾಗಿದ್ದದ್ದು, ಹಳ್ಳದ ಪಾತ್ರ ಕಿರಿದಾಗಿದ್ದದ್ದು, ತಗ್ಗಿನಲ್ಲಿ ಮನೆಗಳೆದ್ದದ್ದು ಊರಿನವರ ಪಾಲು. ಎರಡು ಪಾಲುಗಳೂ ಒಂದೇ ಮನೆಯ ಗೋಡೆಯ ಮೇಲೆ ಒಂದೇ ಕೆಸರಿನ ಗೆರೆಯಾಗಿ ಉಳಿಯುತ್ತವೆ.

ಭಾರತದ ಸಂದೇಹವಾದಕ್ಕೆ ದೊಡ್ಡ ಹೆಸರುಗಳ ಬೆಂಬಲ ಸಿಕ್ಕ ಗಳಿಗೆಗಳೂ ಇವೆ. ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಮಾಯವಾಗಬಹುದು ಎಂದು ಐಪಿಸಿಸಿಯ 2007ರ ವರದಿಯಲ್ಲಿ ಬಂದಿತ್ತು. 2009ರ ನವೆಂಬರ್‌ನಲ್ಲಿ ಆಗಿನ ಪರಿಸರ ಸಚಿವ ಜೈರಾಂ ರಮೇಶ್, ಭೂವಿಜ್ಞಾನಿ ವಿ.ಕೆ. ರೈನಾ ಬರೆದ ಚರ್ಚಾಪತ್ರವನ್ನು ಬಿಡುಗಡೆ ಮಾಡಿದರು. ಹಿಮನದಿಗಳ ಹಿಂಜರಿತ ಅಸಹಜವೆನ್ನಲು ಆಧಾರ ಸಾಲದು ಎಂಬುದು ಅದರ ವಾದ. ಐಪಿಸಿಸಿಯ ಅಧ್ಯಕ್ಷ ಆರ್‌.ಕೆ. ಪಚೌರಿ ಅದನ್ನು ಮಾಟಮಂತ್ರದ ವಿಜ್ಞಾನವೆಂದು ಜರೆದರು. ಎರಡೇ ತಿಂಗಳಲ್ಲಿ, 2010ರ ಜನವರಿಯಲ್ಲಿ, 2035ರ ಅಂಕಿ ತಪ್ಪೆಂದು ಐಪಿಸಿಸಿಯೇ ಒಪ್ಪಿಕೊಂಡಿತು. ತಪ್ಪಿಗಿಂತ ಆ ಜರೆತವೇ ಹೆಚ್ಚು ಹಾನಿ ಮಾಡಿತೆನ್ನಬೇಕು. ಹಾಗೆಂದು ಹಿಮನದಿಗಳು ಬಚಾವಾಗಿಲ್ಲ: ಕಠ್ಮಂಡುವಿನ ಇಸಿಮೋಡ್ ಸಂಸ್ಥೆಯ 2023ರ ವರದಿಯ ಪ್ರಕಾರ 2011–20ರ ದಶಕದಲ್ಲಿ ಅವು ಹಿಂದಿನ ದಶಕಕ್ಕಿಂತ ಶೇ 65 ವೇಗವಾಗಿ ಕರಗಿವೆ.

ಮತ್ತೊಂದು ಹೆಸರು ಕನ್ನಡಿಗರದೇ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿ, ‘ಆರ್ಯಭಟ’ ಉಪಗ್ರಹವನ್ನು ರೂಪಿಸಿ, ಇಸ್ರೋದ ಅಧ್ಯಕ್ಷರಾಗಿದ್ದ ಯು.ಆರ್‌. ರಾವ್ 2011ರ ಜನವರಿಯಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಮೋಡ ಕಟ್ಟಲು ನೆರವಾಗುತ್ತವೆ. ನೂರೈವತ್ತು ವರ್ಷಗಳಲ್ಲಿ ಅವು ಕಡಿಮೆಯಾಗಿ, ಕೆಳಹಂತದ ಮೋಡವೂ ಕಡಿಮೆಯಾಗಿ, ಬಿಸಿಲು ಹೆಚ್ಚು ಒಳಬಂದಿದೆ. ಆದ್ದರಿಂದ ಇಂಗಾಲದ ಡೈಆಕ್ಸೈಡಿನ ಪಾಲನ್ನು ಕಡಿಮೆ ಅಂದಾಜು ಮಾಡಬೇಕು ಎಂಬುದು ಅವರ ತರ್ಕ. ಏರಿಕೆಯ ಸುಮಾರು ಶೇ 40 ಹೀಗೆ ಬಂದದ್ದೆಂದು ಪತ್ರಿಕೆಗಳು ಬರೆದವು. ವಿಶ್ವಕಿರಣ ಅವರು ಜೀವಮಾನವಿಡೀ ಅಧ್ಯಯನ ಮಾಡಿದ ವಿಷಯ, ಆದ್ದರಿಂದ ಇದನ್ನು ಬೀದಿಮಾತೆಂದು ತಳ್ಳಿಹಾಕುವಂತಿರಲಿಲ್ಲ. ಪರೀಕ್ಷೆಗೆ ಒಡ್ಡಿದಾಗ ಮಾತ್ರ ಅದು ನಿಲ್ಲಲಿಲ್ಲ. 2009ರಲ್ಲಿ ವಿಶ್ವಕಿರಣಗಳು ಬಾಹ್ಯಾಕಾಶ ಯುಗದ ಗರಿಷ್ಠ ಮಟ್ಟಕ್ಕೆ ಏರಿದ್ದವು. ಆ ತರ್ಕದಂತೆ ಭೂಮಿ ತಣ್ಣಗಾಗಬೇಕಿತ್ತು, ಆದರೆ ನಂತರದ ದಶಕ ಅಲ್ಲಿಯವರೆಗಿನ ಅತ್ಯಂತ ಬಿಸಿ ದಶಕವಾಯಿತು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ‘ಕ್ಲೌಡ್’ ಪ್ರಯೋಗದಲ್ಲೂ ಮೋಡದ ಮೇಲೆ ಈ ಕಿರಣಗಳ ಪ್ರಭಾವ ತೀರಾ ದುರ್ಬಲವೆಂದು ಕಂಡಿತು. ಇನ್ನೊಂದು ಸಾಕ್ಷಿ ನೆತ್ತಿಯ ಮೇಲೆಯೇ ಇದೆ. ಬಿಸಿಗೆ ಸೂರ್ಯ ಕಾರಣನಾಗಿದ್ದರೆ ವಾತಾವರಣದ ಎಲ್ಲ ಪದರಗಳೂ ಬಿಸಿಯಾಗಬೇಕು. ಆಗಿರುವುದು ಬೇರೆ: ಕೆಳಪದರ ಬಿಸಿಯಾಗಿದೆ, ಮೇಲಿನ ಸ್ತರಗೋಳ ತಣ್ಣಗಾಗಿದೆ. ಕಂಬಳಿ ಹೊದ್ದವನ ಮೈ ಬೆಚ್ಚಗಾಗಿ ಕಂಬಳಿಯ ಹೊರಮೈ ತಣ್ಣಗಿರುವಂತೆ.

ಭಾರತದ ಸಂದೇಹವಾದಕ್ಕೆ ಪಾಶ್ಚಾತ್ಯರಲ್ಲಿ ಇಲ್ಲದ ಒಂದು ನ್ಯಾಯದ ಎಳೆಯೂ ಇದೆ. ಅಮೆರಿಕದ ಪ್ರತಿಯೊಬ್ಬ ವರ್ಷಕ್ಕೆ ಹೊರಬಿಡುವ ಇಂಗಾಲದ ಡೈಆಕ್ಸೈಡ್ ಸುಮಾರು 14 ಟನ್. ಭಾರತೀಯನದು 2ರ ಆಸುಪಾಸು. ಪರಿಸರವಾದಿಗಳಾದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿಯೇ ಈ ಅಸಮಾನತೆಯನ್ನು ಜಗತ್ತಿನ ಮುಂದಿಟ್ಟರು. ವಿಜಯವಾಡದ ಪಕ್ಕದ ಇಬ್ರಾಹಿಂಪಟ್ಟಣದಲ್ಲೂ ವಿಶಾಖಪಟ್ಟಣದ ಪಕ್ಕದ ಸಿಂಹಾದ್ರಿಯಲ್ಲೂ ಕಲ್ಲಿದ್ದಲು ಸುಡುವ ದೊಡ್ಡ ಸ್ಥಾವರಗಳಿವೆ. ಅವನ್ನು ಮುಚ್ಚಿ ಎಂದಾಗ ‘ಮೊದಲು ಅವರು ಮುಚ್ಚಲಿ’ ಎನ್ನುವವನು ವಿಜ್ಞಾನವನ್ನು ಅಲ್ಲಗಳೆಯುತ್ತಿಲ್ಲ, ಬಿಲ್ಲು ಯಾರು ಕಟ್ಟಬೇಕೆಂದು ಕೇಳುತ್ತಿದ್ದಾನೆ. ಟಿವಿ ಚರ್ಚೆಗಳಲ್ಲಿ ಈ ಎರಡೂ ಕಲಸಿಹೋಗುತ್ತವೆ.

ಕೊನೆಯದಾಗಿ, ಸಂದೇಹವಾದಿಯೂ ಹೋರಾಟಗಾರನೂ ಕಡಿಮೆ ಮಾತಾಡುವ ಒಂದು ಲೆಕ್ಕ ವಿಜಯವಾಡದಲ್ಲಿದೆ. ಕೃಷ್ಣಾ ನದಿ ಇಲ್ಲಿ ಸಾಗಿಸುತ್ತಿದ್ದ ಹೂಳು 1966–69ರಲ್ಲಿ ವರ್ಷಕ್ಕೆ 90 ಲಕ್ಷ ಟನ್ ಇತ್ತು; 2000–2005ರ ಹೊತ್ತಿಗೆ 4 ಲಕ್ಷ ಟನ್ನಿಗೆ ಇಳಿದಿತ್ತು. ಆಂಧ್ರ ವಿಶ್ವವಿದ್ಯಾಲಯದ ಕೆ. ನಾಗೇಶ್ವರರಾವ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಲೆಕ್ಕವಿದು. ಮುಖಜಭೂಮಿ ಎಂದರೆ ಸಡಿಲ ಮೆಕ್ಕಲಿನ ರಾಶಿ. ಅದು ತನ್ನ ಭಾರಕ್ಕೆ ತಾನೇ ಕುಸಿಯುತ್ತಿರುತ್ತದೆ, ಪ್ರತಿ ನೆರೆಯ ಹೊಸ ಹೂಳು ಅದನ್ನು ಮತ್ತೆ ಎತ್ತುತ್ತದೆ. ಹೂಳು ನಿಂತರೆ ನೆಲ ಇಳಿಯುತ್ತದೆ, ಕಡಲು ಏರದಿದ್ದರೂ ಒಳಬರುತ್ತದೆ. 2009ರಲ್ಲಿ ಜಗತ್ತಿನ ಮೂವತ್ತಕ್ಕೂ ಹೆಚ್ಚು ಮುಖಜಭೂಮಿಗಳನ್ನು ಪರಿಶೀಲಿಸಿದ ಅಂತರರಾಷ್ಟ್ರೀಯ ತಂಡವೊಂದು ಕೃಷ್ಣೆಯದನ್ನು ಅತಿ ದೊಡ್ಡ ಅಪಾಯದ ಗುಂಪಿಗೆ ಸೇರಿಸಿತು. ಆ ಹೂಳು ಈಗ ನಾಗಾರ್ಜುನ ಸಾಗರದಲ್ಲಿ, ಶ್ರೀಶೈಲದಲ್ಲಿ, ನಾರಾಯಣಪುರದಲ್ಲಿ, ಆಲಮಟ್ಟಿಯಲ್ಲಿ ತಂಗಿದೆ. ಆಲಮಟ್ಟಿಯ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಬಗ್ಗೆ ಕರ್ನಾಟಕಕ್ಕೂ ಕೆಳಗಿನ ರಾಜ್ಯಗಳಿಗೂ ವರ್ಷಗಳಿಂದ ವ್ಯಾಜ್ಯವಿದೆ. ಅದು ನಡೆದಿರುವುದು ಟಿಎಂಸಿ ಲೆಕ್ಕದ ನೀರಿಗೆ, ಹೂಳಿಗಲ್ಲ.